ತಟ್ಟೆಯ ನಡುವೆ ಕುಂತ ನೆರಳು

ನಾನು ಹದಿನಾಲ್ಕು ಮೆಟ್ಟಿಲು ಹತ್ತಬೇಕಾಗಿತ್ತು. ಪ್ರೊಜೆಕ್ಟರ್ ರೂಮಿನ ಪಕ್ಕದಲ್ಲೇ ತಾರಸಿಗೆ ಹೋಗುವ ಕಬ್ಬಿಣದ ಮೆಟ್ಟಿಲಿದ್ದವು. ಹತ್ತಿ ಹೋಗಿ, ನನ್ನ ತಂಗಿ ಕೈ ಮಾಡಿ ತೋರಿಸಿದ ಕಡೆ ಒಂದು ಸಲ ನೋಡಿದ್ದರೆ ಸಾಕಿತ್ತು. ನಾನು ಹತ್ತಲಿಲ್ಲ. ಹತ್ತದೆಯೇ, ಕಣ್ಣಾರೆ ಕಂಡವನ ಹಾಗೆ ನಾಲ್ಕು ಜನರ ಮುಂದೆ ಮಾತಾಡಿದೆ. ಅದಕ್ಕೆ ಅವಳು ಕೆಲಸ ಕಳೆದುಕೊಂಡಳು, ಮನೆ ಬಿಟ್ಟಳು. ನಾನು ಮಾತ್ರ ಕೆಲಸದಲ್ಲಿ ಉಳಿದೆ.

ಇದು ಒಂಬತ್ತು ವರ್ಷದ ಹಿಂದಿನ ಅಕ್ಟೋಬರ್ ತಿಂಗಳ ಮಾತು. ಆಗ ನಾನು ಹೊಸಪೇಟೆಯ ಒಂದು ಸಿನಿಮಾ ಥಿಯೇಟರಿನಲ್ಲಿ ಆಪರೇಟರ್ ಆಗಿದ್ದೆ. ಆ ಒಂದೇ ಥಿಯೇಟರಿನಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದೆ. ಓದಿದ್ದು ಏಳನೇ ಕ್ಲಾಸು. ಥಿಯೇಟರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಅದರ ಮಾಲೀಕರಾದ ಸಾಹುಕಾರರು ಇನ್ನೂ ಗಟ್ಟಿಯಾಗಿದ್ದಾರೆ, ಅವರಿಗೆ ನನ್ನಿಂದ ಮತ್ತೊಂದು ತೊಂದರೆ ಬೇಡ.

ಆಪರೇಟರ್ ಕೆಲಸ ಏನು ಅಂತ ಈಗಿನವರಿಗೆ ಹೇಳಬೇಕು. ನಾನು ಸೇರಿದಾಗ ಪ್ರೊಜೆಕ್ಟರಿಗೆ ಬೆಳಕು ಕೊಡುತ್ತಿದ್ದದ್ದು ಕಾರ್ಬನ್ ಕಡ್ಡಿ. ಎರಡು ಕಡ್ಡಿಗಳ ನಡುವೆ ಕಿಡಿ ಹಾರಿ ಬೆಳಕಾಗುತ್ತಿತ್ತು, ಜೊತೆಗೆ ಹೊಗೆಯೂ ಬರುತ್ತಿತ್ತು. ಆ ಹೊಗೆ ಹೋಗಲೆಂದು ರೂಮಿನ ಸೂರಿನಿಂದ ತಾರಸಿಗೆ ಒಂದು ದಪ್ಪ ತಗಡಿನ ಕೊಳವೆ ಹಾಕಿದ್ದರು. ಆಮೇಲೆ ಝೆನಾನ್ ಲ್ಯಾಂಪ್ ಬಂತು, ಆಮೇಲೆ ರೀಲೇ ಹೋಗಿ ಡಿಜಿಟಲ್ ಬಂತು. ಹೊಗೆ ನಿಂತಿತು, ಕೊಳವೆ ಉಳಿಯಿತು. ಅದನ್ನು ಕಿತ್ತು ಹಾಕುವ ಕೆಲಸ ಯಾರೂ ಮಾಡಲಿಲ್ಲ. ಆ ಕೊಳವೆ ಮುಂದೆ ಮತ್ತೆ ಬರುತ್ತದೆ.

ಆಪರೇಟರ್ ರೂಮಿಗೆ ಒಂದು ಸಣ್ಣ ಕಿಂಡಿ ಇರುತ್ತದೆ. ಅದರಿಂದ ಪರದೆ ಕಾಣುತ್ತದೆ, ಜನರ ತಲೆಗಳ ಹಿಂಭಾಗ ಕಾಣುತ್ತದೆ. ಮುಖ ಕಾಣುವುದಿಲ್ಲ. ಮೂವತ್ತು ವರ್ಷ ಹೀಗೆ ಹಿಂದಿನಿಂದ ನೋಡಿದವನಿಗೆ ಅನುಮಾನ ಒಂದು ಚಟವಾಗುತ್ತದೆ. ಯಾರು ಎದ್ದರು, ಯಾಕೆ ಎದ್ದರು, ಯಾರ ಪಕ್ಕ ಹೋಗಿ ಕುಂತರು, ಇದೇ ನನ್ನ ಲೆಕ್ಕ.

ತಂಗಿಯ ಹೆಸರು ಹುಲಿಗೆಮ್ಮ. ಮನೆಯಲ್ಲಿ ಹುಲಿಗಿ ಅನ್ನುತ್ತೇವೆ. ನನಗಿಂತ ಹದಿನಾರು ವರ್ಷ ಸಣ್ಣವಳು. ಸಂಡೂರಿಗೆ ಕೊಟ್ಟಿದ್ದೆವು. ಗಂಡ ಗಣಿಯ ಲಾರಿ ಓಡಿಸುತ್ತಿದ್ದ. ಗಣಿ ಕೆಲಸ ಕಡಿಮೆಯಾದ ಮೇಲೆ ಲಾರಿ ಹತ್ತಿ ಎತ್ತಲೋ ಹೋದವನು ತಿರುಗಿ ಬರಲಿಲ್ಲ. ಅವಳು ಚಿತ್ತವಾಡ್ಗಿಯ ನಮ್ಮ ಮನೆಗೆ ಬಂದಳು. ಸಾಹುಕಾರರ ಕಾಲು ಹಿಡಿದು ನಾನೇ ಅವಳಿಗೆ ಥಿಯೇಟರಿನಲ್ಲಿ ಕೆಲಸ ಕೊಡಿಸಿದೆ. ಹೆಂಗಸರ ಗೇಟಿನಲ್ಲಿ ಟಿಕೆಟ್ ಹರಿಯುವುದು, ಆಟ ಬಿಟ್ಟ ಮೇಲೆ ಕಸ ಗುಡಿಸುವುದು. ನಾನು ಕೊಡಿಸಿದ ಕೆಲಸ ಅನ್ನುವ ಗತ್ತು ನನ್ನಲ್ಲಿತ್ತು. ಅದನ್ನು ಒಪ್ಪಿಕೊಳ್ಳಬೇಕು.

ಅವಳಿಗೆ ಇನ್ನೊಂದು ಕಸುಬಿತ್ತು. ಹಪ್ಪಳ, ಸಂಡಿಗೆ ಮಾಡಿ ಚಿತ್ತವಾಡ್ಗಿಯ ಅಂಗಡಿಗಳಿಗೆ ಕೊಡುತ್ತಿದ್ದಳು. ನಮ್ಮ ಮನೆಯ ಮಾಳಿಗೆ ಒಂದು ಹಾಸಿಗೆಯಷ್ಟು. ಥಿಯೇಟರಿನ ತಾರಸಿ ಒಂದು ಕಣದಷ್ಟು. ಬೆಳಿಗ್ಗೆ ಅಲ್ಲಿ ಹಳೆ ಸೀರೆ ಹಾಸಿ ಒಣಹಾಕಿ, ಸಂಜೆ ಐದರ ಸುಮಾರಿಗೆ ಎತ್ತಿಕೊಂಡು ಇಳಿಯುತ್ತಿದ್ದಳು. ಸಾಹುಕಾರರು ಕಂಡೂ ಕಾಣದ ಹಾಗೆ ಇದ್ದರು. ಅವರ ಮನೆಗೂ ಒಂದು ಡಬ್ಬಿ ಹೋಗುತ್ತಿತ್ತು.

ಈಗ ಆಪೆರಾ ವಿಷಯ, ಅಂದರೆ ಪರದೇಶದವರ ಹಾಡಿನ ನಾಟಕ. ಹೊಸಪೇಟೆಗೂ ಆಪೆರಾಕ್ಕೂ ಏನು ಸಂಬಂಧ ಅಂತ ನಗಬೇಡಿ. ತೋರಣಗಲ್ಲಿನ ಕಾರ್ಖಾನೆಯಲ್ಲಿ ಯಂತ್ರ ಕೂರಿಸಲು ಬಂದಿದ್ದ ವಿದೇಶಿ ಇಂಜಿನಿಯರುಗಳು ಹೊಸಪೇಟೆಯಲ್ಲಿ ಬಾಡಿಗೆಗಿದ್ದರು. ಅವರಲ್ಲಿ ಬಿಳಿ ಗಡ್ಡದ ಒಬ್ಬ ಹಿರಿಯರು ಸಾಹುಕಾರರಿಗೆ ಪರಿಚಯ. ತಮ್ಮ ದೇಶದಲ್ಲಿ ಆಪೆರಾವನ್ನು ಸಿನಿಮಾ ಥಿಯೇಟರುಗಳಲ್ಲಿ ನೇರಪ್ರಸಾರ ತೋರಿಸುತ್ತಾರೆ, ಇಲ್ಲಿ ಯಾಕೆ ಆಗಬಾರದು ಅಂತ ಅವರು ಕೇಳಿದರು. ತಿಂಗಳಿಗೊಂದು ಭಾನುವಾರ ಅಂತ ಒಪ್ಪಂದವಾಯಿತು. ಬಳ್ಳಾರಿಯಿಂದ ಎಂಟು ಅಡಿ ಅಗಲದ ಡಿಶ್ ಬಂತು. ಅದನ್ನು ತಾರಸಿಯ ಮೇಲೆ, ಪಡುವಣಕ್ಕೆ, ಡ್ಯಾಮಿನ ಕಡೆ ಮುಖಮಾಡಿ ಕೂರಿಸಿದರು. ಆಕಾಶದಲ್ಲಿರುವ ಸ್ಯಾಟಲೈಟಿನಿಂದ ಸಿಗ್ನಲ್ ಬಂದು ಆ ತಟ್ಟೆಗೆ ಬಡಿದು, ತಟ್ಟೆಯ ಮುಂದೆ ಮೂರು ಕಾಲಿನ ಮೇಲೆ ನಿಂತ ಸಣ್ಣ ಡಬ್ಬಿಯೊಳಗೆ ಕೂಡುತ್ತದೆ. ಅಲ್ಲಿಂದ ವೈರ್ ನನ್ನ ರೂಮಿಗೆ. ರೂಮಿನಲ್ಲಿ ರಿಸೀವರ್, ಅದರಿಂದ ಪ್ರೊಜೆಕ್ಟರಿಗೆ. ಅಷ್ಟೇ ವ್ಯವಸ್ಥೆ.

ಆ ಡಿಶ್ ಬಂದ ವಾರವೇ ಹುಲಿಗಿ ಒಂದು ಕೆಲಸ ಮಾಡಿದಳು. ಕಂಬಕ್ಕೆ ಏರಿಸುವ ಮೊದಲು ಅದು ನಾಲ್ಕು ದಿನ ತಾರಸಿಯಲ್ಲಿ ಅಂಗಾತ ಬಿದ್ದಿತ್ತು. ಐದನೇ ದಿನ ಬಳ್ಳಾರಿಯ ಟೆಕ್ನಿಶಿಯನ್ ಬಂದು ನೋಡಿದರೆ ತಟ್ಟೆಯ ತುಂಬ ಅರಳು ಸಂಡಿಗೆ! ಅವನು ತಲೆ ಮೇಲೆ ಕೈ ಹೊತ್ತುಕೊಂಡ.

“ಏನವ್ವಾ ಇದು? ಇದೇನ್ ಮೊರ ಅಂತ ತಿಳ್ಕೊಂಡ್ಯಾ?”

“ಬಿಸಿಲೆಲ್ಲಾ ನಡುವಿಗೆ ಬಂದು ಕೂಡ್ತೈತ್ರಿ ಇದ್ರಾಗ. ಎರಡು ದಿನದ್ದು ಒಂದ ದಿನಕ್ಕ ಒಣಗ್ಯಾವ. ನೋಡ್ರಿ ಬೇಕಾದ್ರ, ಕಟಕಟ ಅಂತಾವ,” ಅಂದಳು ಹುಲಿಗಿ.

ಎಲ್ಲರೂ ನಕ್ಕರು. ಬುಕಿಂಗ್ ಕ್ಲರ್ಕ್ ಶೇಕ್ಷಾವಲಿಯಂತೂ ತಿಂಗಳುಗಟ್ಟಲೆ ಅದನ್ನೇ ಹೇಳಿದ. ನಾನೂ ನಕ್ಕೆ. ಆದರೆ ಆ ತಟ್ಟೆಯನ್ನು ಅವಳು ತನ್ನ ಸಾಮಾನು ಅಂದುಕೊಂಡಿದ್ದಾಳೆ ಅಂತ ಒಳಗೊಂದು ಗುರುತು ಹಾಕಿಕೊಂಡೆ. ಮುಂದೊಂದು ದಿನ ಅದರ ಕಾಲಿಗೆ ಒದ್ದೆ ಟವೆಲ್ ಹಾಕಿದ್ದನ್ನು ಕಂಡಾಗ ಆ ಗುರುತು ಇನ್ನೂ ದಪ್ಪವಾಯಿತು.

ಮೊದಲ ಆಪೆರಾಕ್ಕೆ ಐವತ್ತು ಜನ ಬಂದಿರಬಹುದು. ಕಾರ್ಖಾನೆಯವರು, ಹಂಪಿಯಲ್ಲಿ ಇಳಿದುಕೊಂಡಿದ್ದ ಕೆಲವು ವಿದೇಶಿಯರು, ಅವರನ್ನು ಕರೆತಂದ ವ್ಯಾನಿನ ಡ್ರೈವರ್. ಪರದೆಯ ಮೇಲೆ ಅದೇ ಹೊತ್ತಿಗೆ ಸಾವಿರಾರು ಮೈಲಿ ಆಚೆ ನಡೆಯುತ್ತಿದ್ದ ಆಟ. ಅಲ್ಲಿ ಮಧ್ಯಾಹ್ನ, ನಮ್ಮಲ್ಲಿ ಸಂಜೆ. ಮಾತೇ ಇಲ್ಲ, ಎಲ್ಲಾ ಹಾಡೇ. ಇಂಟರ್ವೆಲ್ ಬಂದರೆ ಅರ್ಧ ಗಂಟೆ. ಅವರು ಅಲ್ಲಿ ಗ್ಲಾಸ್ ಹಿಡಿದು ಓಡಾಡುವುದು ನಮ್ಮ ಪರದೆಯಲ್ಲಿ ಕಾಣುತ್ತಿತ್ತು, ಇಲ್ಲಿ ನಮ್ಮವರು ಕ್ಯಾಂಟೀನಿನಲ್ಲಿ ಮಿರ್ಚಿ ತಿನ್ನುತ್ತಿದ್ದರು. ಬಿಳಿ ಗಡ್ಡದವರು ಕಣ್ಣಲ್ಲಿ ನೀರು ತಂದುಕೊಂಡರು. ಆಪೆರಾಕ್ಕೋ ಮೆಣಸಿನಕಾಯಿಗೋ ತಿಳಿಯಲಿಲ್ಲ.

ಸಿಬ್ಬಂದಿಯಲ್ಲಿ ಯಾರೂ ಐದು ನಿಮಿಷ ನಿಲ್ಲಲಿಲ್ಲ. ಹುಲಿಗಿ ಗೇಟು ಮುಚ್ಚಿದವಳು ಹಿಂದಿನ ಬಾಗಿಲ ಪರದೆಯ ಹತ್ತಿರ ನಿಂತಳು. ಆಮೇಲೆ ಕೊನೆ ಸಾಲಿನಲ್ಲಿ ಕುಂತಳು. ಮುಗಿಯುವ ತನಕ ಏಳಲಿಲ್ಲ.

ಮನೆಗೆ ನಡೆದು ಹೋಗುವಾಗ ಕೇಳಿದೆ: “ಏನ್ ತಿಳೀತು ನಿಂಗ?”

“ತಿಳಿಯೋದೇನ್ ಐತಿ ಯಣ್ಣಾ. ಅಕಿ ಸಾಯಾಕತ್ತಾಳ, ಸಾಯೂತನಾ ಹಾಡ್ತಾಳ. ಸತ್ತ ಮ್ಯಾಲೂ ಒಂದೀಟು ಹಾಡಿದ್ಲು. ನಮ್ಮ ಬಯಲಾಟದಾಗ ಹಂಗ ಅಲ್ಲೇನು?” ಸ್ವಲ್ಪ ದೂರ ಹೋದ ಮೇಲೆ ನಕ್ಕಳು. “ಆ ಹುಡುಗನ ಪಾತ್ರ ಹೆಂಗಸು ಮಾಡಿದ್ಲು, ನೋಡಿದ್ಯಾ? ನಮ್ಮಲ್ಲಿ ಗಂಡಸು ಸೀರಿ ಉಟ್ಟು ಹಾಡ್ತಾನ, ಅವರಲ್ಲಿ ಹೆಂಗಸು ಪ್ಯಾಂಟ್ ಹಾಕ್ಕೊಂಡು ಹಾಡ್ತಾಳ. ಸರಿಗಿ ಸರಿ ಆತು ಬಿಡು.”

ನಾನು ಅದನ್ನು ಗಮನಿಸಿರಲೇ ಇಲ್ಲ. ಅವಳು ಗಮನಿಸಿದ್ದು ನನಗೆ ಹಿತವಾಗಲೂ ಇಲ್ಲ. ನಾಲ್ಕನೇ ಕ್ಲಾಸು ಓದಿದವಳು, ಒಂದು ಮಾತೂ ತಿಳಿಯದ ಹಾಡಿಗೆ ಮೂರು ಗಂಟೆ ಯಾಕೆ ಕೂರುತ್ತಾಳೆ?

ಎರಡನೇ ಸಲ, ಮೂರನೇ ಸಲವೂ ಕುಂತಳು. ಶೇಕ್ಷಾವಲಿ ಬಾಯಿ ಸುಮ್ಮನಿರುವುದಲ್ಲ. “ಏನ್ ಈರಣ್ಣಾ, ನಿಮ್ಮ ತಂಗಿ ಹಂಪಿ ಗೈಡ್ ಆಗ್ತಾಳೇನು? ವ್ಯಾನ್ ಅಂತೂ ರೆಡಿ ಐತಿ, ಡ್ರೈವರ್ ಭೀ ಒಳಗ ಅದಾನ,” ಅಂದ. ಅವನದು ತಮಾಷೆ. ನನಗೆ ಅದು ಮುಳ್ಳಾಯಿತು. ಅಂದಿನಿಂದ ನಾನು ಕಿಂಡಿಯಿಂದ ಪರದೆ ನೋಡುವುದು ಬಿಟ್ಟು ಕೊನೆ ಸಾಲು ನೋಡತೊಡಗಿದೆ. ಡ್ರೈವರ್ ಮೂರು ಸಾಲು ಮುಂದೆ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ. ನಿದ್ದೆಯ ನಾಟಕ ಇರಬಹುದು ಅಂದುಕೊಂಡೆ. ಅವಳು ಒಮ್ಮೆ ಸೆರಗಿನಿಂದ ಕಣ್ಣು ಒರೆಸಿಕೊಂಡರೆ, ಯಾರಿಗೋ ಸನ್ನೆ ಇರಬಹುದು ಅಂದುಕೊಂಡೆ. ಒಂದಕ್ಕೂ ಸಾಕ್ಷಿ ಇರಲಿಲ್ಲ. ಸಾಕ್ಷಿ ಸಿಗದಿದ್ದಷ್ಟೂ ಅವಳು ಜಾಣೆ ಅನ್ನಿಸುತ್ತಿತ್ತು.

ಸೆಪ್ಟೆಂಬರಿನ ಆಟ ಮುಗಿದ ದಿನ ಅವಳಿಗೆ ಕಟ್ಟುನಿಟ್ಟಾಗಿ ಹೇಳಿದೆ: “ಇನ್ನ ಮ್ಯಾಲೆ ಗೇಟ್ ಕೆಲಸ ಮುಗೀತು ಅಂದ್ರ ಒಳಗ ಕಾಲಿಡಬ್ಯಾಡ.”

“ಯಾಕ?”

“ಮಂದಿ ಮಾತಾಡ್ತಾರ.”

“ಮಂದಿ ಮಾತಾಡ್ತಾರೋ, ನೀ ಮಾತಾಡ್ತಿಯೋ?”

ಅವಳು ಆ ಮಾತು ಮತ್ತೆ ಎತ್ತಲಿಲ್ಲ. ಇಷ್ಟು ಸುಲಭಕ್ಕೆ ಒಪ್ಪಿದಳಲ್ಲ, ಏನೋ ಇರಬೇಕು ಅಂತ ಅದಕ್ಕೂ ಅನುಮಾನ ಪಟ್ಟೆ.

ಅಕ್ಟೋಬರಿನ ಆಟ ನಮ್ಮ ಗಡಿಯಾರದಲ್ಲಿ ನಾಲ್ಕೂವರೆಗೆ ಶುರು. ನೇರಪ್ರಸಾರಕ್ಕೆ ಮುಂಚೆ ಎರಡು ದಿನ ಅದೇ ಹೊತ್ತಿಗೆ ಪರೀಕ್ಷೆಗಾಗಿ ಸಿಗ್ನಲ್ ಬಿಡುತ್ತಾರೆ. ನಾವು ಹಿಡಿದು ನೋಡಿ, ಚಿತ್ರ, ಧ್ವನಿ ಸರಿಯಿದೆ ಅಂತ ಖಾತ್ರಿ ಮಾಡಿಕೊಳ್ಳಬೇಕು. ಶುಕ್ರವಾರ ಐದು ದಾಟಿ ಐದಾರು ನಿಮಿಷಕ್ಕೆ ಚಿತ್ರ ಚೌಕ ಚೌಕವಾಗಿ ಒಡೆಯಿತು, ಆಮೇಲೆ ಕಪ್ಪಾಯಿತು. ಮೂರ್ನಾಲ್ಕು ನಿಮಿಷದಲ್ಲಿ ತಾನೇ ಬಂತು. ಕನೆಕ್ಟರ್ ಸಡಿಲಾಗಿದೆ ಅಂತ ಬಿಚ್ಚಿ ಹೊಸದು ಹಾಕಿದೆ. ಶನಿವಾರ ಅದೇ ಹೊತ್ತಿಗೆ ಮತ್ತೆ ಹೋಯಿತು. ಈ ಸಲ ಆರೇಳು ನಿಮಿಷ. ರಿಸೀವರಿನಲ್ಲಿ ಸಿಗ್ನಲಿನ ಗೀಟು ಪೂರ್ತಿ ಮಲಗಿತು, ಆಮೇಲೆ ನಿಧಾನಕ್ಕೆ ಎದ್ದಿತು.

ಯಂತ್ರ ಕೆಟ್ಟರೆ ಹೀಗೆ ಹೊತ್ತು ನೋಡಿ ಕೆಡುವುದಿಲ್ಲ. ಹೊತ್ತು ನೋಡಿ ಕೆಡಿಸುವವರು ಮನುಷ್ಯರು. ನನ್ನ ತಲೆ ಓಡಿದ್ದು ಹೀಗೆ. ಮೊದಲು ಬಜಾರಿನ ಕೇಬಲ್ ಟಿವಿಯವನ ಮೇಲೆ ಅನುಮಾನ ಬಂತು. ಆಮೇಲೆ ಮಂಗಗಳ ಮೇಲೆ. ಆಮೇಲೆ, ಸಂಜೆ ಐದಕ್ಕೆ ತಾರಸಿಯಲ್ಲಿ ಇರುವವರು ಯಾರು ಅಂತ ನೆನಪಾಯಿತು.

ನಮ್ಮೂರಿನ ತಾರಸಿಗಳ ಮೇಲೆ ಅದಿರಿನ ಕೆಂಪು ಧೂಳು ಕೂರುತ್ತದೆ. ಸಂಡೂರಿನ ಕಡೆಯಿಂದ ಲಾರಿಗಳು ಬರುವ ಹಾದಿಯಲ್ಲಿ ನಮ್ಮ ಥಿಯೇಟರು. ಬೆಳಿಗ್ಗೆ ಗುಡಿಸಿದರೆ ಸಂಜೆಗೆ ತೆಳ್ಳಗೆ ಮತ್ತೊಂದು ಪದರ. ಭಾನುವಾರ ಬೆಳಿಗ್ಗೆ ನಾನೇ ಪೊರಕೆ ಹಿಡಿದು ಡಿಶ್ಶಿನ ಸುತ್ತ ಗುಡಿಸಿ ಬಂದೆ. ಯಾರು ಬಂದರೂ ಹೆಜ್ಜೆ ಬೀಳಲಿ ಅಂತ. ಸ್ವಂತ ತಂಗಿಗೆ ಬಲೆ ಹಾಕುತ್ತಿದ್ದೇನೆ ಅಂತ ಆಗ ಅನ್ನಿಸಲಿಲ್ಲ. ಮಧ್ಯಾಹ್ನ ಮೂರಕ್ಕೆ ಮತ್ತೆ ಹೋಗಿ ನೋಡಿದೆ. ಡಿಶ್ಶಿನ ಬುಡಕ್ಕೆ ಬಂದು, ಅರ್ಧ ಸುತ್ತಿ, ಹೊಗೆ ಕೊಳವೆಯ ಕಡೆ ಹೋದ ಬರಿಗಾಲಿನ ಹೆಜ್ಜೆ. ಎಡಗಾಲಿನ ಕಿರುಬೆರಳು ಹೊರಗೆ ಚಾಚಿದ ಹೆಜ್ಜೆ. ಅದು ನಮ್ಮ ಮನೆಯ ಕಾಲು, ನನ್ನದೂ ಹಾಗೇ ಇದೆ. ಡಿಶ್ಶಿನ ನೆರಳು ಬೀಳದ ಕಡೆಗೆ ಹಪ್ಪಳ ಸರಿಸಲು ಬಂದಿದ್ದಳು ಅನ್ನುವುದು ನನಗೆ ಹೊಳೆಯಲಿಲ್ಲ.

ನಾಲ್ಕೂವರೆಗೆ ಆಟ ಶುರುವಾಯಿತು. ಅವತ್ತು ಬಿಳಿ ಗಡ್ಡದವರು ಕಾರ್ಖಾನೆಯ ದೊಡ್ಡವರನ್ನೆಲ್ಲ ಕರೆತಂದಿದ್ದರು. ಸಾಹುಕಾರರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮುಂದೆ ಕುಂತಿದ್ದರು. ಐದು ಗಂಟೆ ಆರು ನಿಮಿಷ. ಪರದೆಯಲ್ಲಿ ಒಬ್ಬಳು ಒಂಟಿಯಾಗಿ ನಿಂತು ಹಾಡನ್ನು ಮೇಲೆ ಮೇಲೆ ಏರಿಸುತ್ತಿದ್ದಳು. ಆ ತುದಿಯಲ್ಲೇ ಅವಳ ಮುಖ ಚೌಕಗಳಾಗಿ ಒಡೆಯಿತು. ಧ್ವನಿ ತುಂಡು ತುಂಡಾಗಿ ನಿಂತಿತು. ಕತ್ತಲು.

ಬಳ್ಳಾರಿಯ ಟೆಕ್ನಿಶಿಯನ್ನಿಗೆ ಫೋನ್ ಮಾಡಿದೆ. ಅವನು ಯಾವುದೋ ಮದುವೆಯ ಗದ್ದಲದಲ್ಲಿದ್ದ. “ಡಿಶ್ ಮುಂದ ಏನಾರ ಅಡ್ಡ ಬಂದೈತೇನ್ ನೋಡ್ರಿ,” ಅಂದು ಇಟ್ಟ. ನನಗೆ ಅಷ್ಟು ಸಾಕಾಯಿತು. ಮೆಟ್ಟಿಲ ಕಡೆ ಓಡಿದೆ. ಹುಲಿಗಿ ಹಪ್ಪಳದ ಬುಟ್ಟಿ ಸೊಂಟಕ್ಕಿಟ್ಟುಕೊಂಡು ದಡದಡ ಇಳಿದು ಬರುತ್ತಿದ್ದಳು.

“ಏನ್ ಮಾಡಿದ್ಯಲೇ ಮ್ಯಾಲೆ?”

“ಯಣ್ಣಾ, ಹಾಡು ನಿಂತ್ತಲ್ಲ! ಜಲ್ದಿ ಬಾ ಇಲ್ಲಿ. ಆ ಡಬ್ಬಿ ನೆರಳು ಬಂದು ತಟ್ಟಿ ನಟ್ಟನಡುವ ಕುಂತೈತಿ. ನಿನ್ನಿನೂ ಹಿಂಗ ಕುಂತಿತ್ತು. ಬಾ, ನೋಡು ಬಾ!”

ಅವಳು ತಿರುಗಿ ಮೇಲೆ ಕೈ ಮಾಡಿದಳು. ನಾನು ನೋಡಿದ್ದು ಅವಳ ಕೈ. ಕೈಯಲ್ಲಿ ಕೆಂಪು ಧೂಳಿತ್ತು.

“ಡಿಶ್ ಮುಟ್ಟಿದ್ಯೋ ಇಲ್ಲೋ?”

“ಮುಟ್ಟಿಲ್ಲ. ನೋಡಾಕ ಹತ್ತರ ಹೋಗಿದ್ದೆ. ನೀ ಬಾರೋ ಯಣ್ಣಾ, ನೆರಳು ಸರಿದು ಹೋಗ್ತೈತಿ.”

ಸುಳ್ಳಿಗೆ ಇಂಥಾ ವಿಚಿತ್ರ ನೆಪ ಯಾರಾದರೂ ಹೇಳುತ್ತಾರಾ ಅನ್ನುವಷ್ಟಾದರೂ ಯೋಚನೆ ಬರಬೇಕಿತ್ತು. ಬರಲಿಲ್ಲ. ಅವಳ ತೋಳು ಹಿಡಿದು ಕೆಳಗೆ ಎಳೆದೆ. ಬುಟ್ಟಿ ಜಾರಿ ಹಪ್ಪಳ ಮೆಟ್ಟಿಲ ತುಂಬ ಚೆಲ್ಲಿತು. ಅದೇ ಹೊತ್ತಿಗೆ ರೂಮಿನೊಳಗಿಂದ ಆ ಹೆಂಗಸಿನ ಹಾಡು ಮತ್ತೆ ಕೇಳಿಸಿತು. ಹುಲಿಗಿ ಕೆಳಗೆ ಬಂದಳು, ಸಿಗ್ನಲ್ ಬಂತು. ಇನ್ನೇನು ಬೇಕು ಅಂದಿತು ನನ್ನ ಮನಸ್ಸು.

ಇಂಟರ್ವೆಲ್ಲಿನಲ್ಲಿ ಸಾಹುಕಾರರು ಕ್ಯಾಂಟೀನಿನ ಮುಂದೆ ಎಲ್ಲರನ್ನೂ ನಿಲ್ಲಿಸಿ ಕೇಳಿದರು. ಶೇಕ್ಷಾವಲಿ ಇದ್ದ, ಕ್ಯಾಂಟೀನಿನವರಿದ್ದರು, ಬಿಳಿ ಗಡ್ಡದವರೂ ದೂರದಲ್ಲಿದ್ದರು. “ಎಂಟು ನಿಮಿಷ! ದೊಡ್ಡವರ ಮುಂದ ನನ್ನ ಮರ್ಯಾದಿ ಹೋತು. ಮಿಷನ್ ತಪ್ಪೋ, ಮನುಷ್ಯಾರ ತಪ್ಪೋ? ಏನ್ ಈರಣ್ಣಾ?”

ಮಿಷನ್ ತಪ್ಪು ಅಂದರೆ ಅದು ನನ್ನ ತಪ್ಪು. ಎರಡು ದಿನ ಮುಂಚೆಯೇ ಗೊತ್ತಿದ್ದು ಸಾಹುಕಾರರಿಗೆ ಹೇಳಿರಲಿಲ್ಲ. ನಾನು ಹೇಳಿದೆ: “ಮ್ಯಾಲೆ ನಮ್ಮ ಹುಲಿಗಿ ಇದ್ಲುರಿ. ಡಿಶ್ಶಿಗೆ ಕೈ ಹಚ್ಚ್ಯಾಳ.”

“ನೀ ನೋಡಿದಿಯಾ?”

“ಹೌದ್ರಿ. ನೋಡೀನಿ.”

ಹುಲಿಗಿ ನನ್ನ ಮುಖವನ್ನೇ ನೋಡಿದಳು. ಸೊಂಟಕ್ಕೆ ಸಿಕ್ಕಿಸಿದ್ದ ಗೇಟಿನ ಬೀಗದ ಕೈ ತೆಗೆದು ಶೇಕ್ಷಾವಲಿಯ ಟೇಬಲ್ಲಿನ ಮೇಲಿಟ್ಟು ಹೋದಳು. ಸಾಹುಕಾರರು ಇನ್ನೂ ಏನೂ ಹೇಳಿರಲಿಲ್ಲ. ನಾವಿಬ್ಬರೂ ಅವರ ಕೆಲಸ ಹಗುರ ಮಾಡಿದ್ದೆವು. ಮರುದಿನ ಬೆಳಿಗ್ಗೆ ಅವಳು ಕಂಪ್ಲಿಯ ಬಸ್ಸು ಹತ್ತಿದಳು. ಅಲ್ಲಿ ನಮ್ಮ ಸಣ್ಣವ್ವ ಇದ್ದಳು. ಅವಳ ಮನೆಯಲ್ಲಿದ್ದು ರೈಸ್ ಮಿಲ್ಲಿನಲ್ಲಿ ಕೆಲಸಕ್ಕೆ ಸೇರಿದಳು ಅಂತ ತಿಳಿಯಿತು.

ಅವಳು ಹೋದ ಮೇಲೆ ನವೆಂಬರ್, ಡಿಸೆಂಬರ್, ಜನವರಿ, ಫೆಬ್ರವರಿ, ಒಂದು ಸಲವೂ ಸಿಗ್ನಲ್ ಹೋಗಲಿಲ್ಲ. ಪ್ರತಿ ಆಟ ಸುಸೂತ್ರ ಮುಗಿದಾಗಲೂ ನೋಡಿದ್ಯಾ ಅಂತ ನನಗೆ ನಾನೇ ಹೇಳಿಕೊಂಡೆ.

ಮಾರ್ಚ್ ಮೊದಲ ವಾರ. ಭಾನುವಾರದ ಆಟ ಸಂಜೆ ಏಳಕ್ಕಿತ್ತು, ಆದರೆ ಶುಕ್ರವಾರದ ಪರೀಕ್ಷೆಯ ಸಿಗ್ನಲ್ ಐದಕ್ಕೇ ಬಿಟ್ಟರು. ರೂಮಿನಲ್ಲಿ ಒಬ್ಬನೇ ಇದ್ದೆ. ಐದೂವರೆ ಹತ್ತಿರ ಬಂದಾಗ ಚಿತ್ರ ಚೌಕ ಚೌಕವಾಗಿ ಒಡೆಯಿತು.

ಆ ಹದಿನಾಲ್ಕು ಮೆಟ್ಟಿಲು ಹತ್ತಿದೆ. ತಾರಸಿ ಬಣಬಣ. ಕೆಂಪು ಧೂಳಿನ ಮೇಲೆ ಒಂದು ಹೆಜ್ಜೆ ಇಲ್ಲ. ಸೂರ್ಯ ಡ್ಯಾಮಿನ ಕಡೆ ಇಳಿಯುತ್ತಿದ್ದ. ತಟ್ಟೆ ಅವನ ಮುಖಕ್ಕೆ ಮುಖ ಕೊಟ್ಟು ನಿಂತಿತ್ತು. ಮುಂದಿನ ಆ ಸಣ್ಣ ಡಬ್ಬಿಯ ನೆರಳು, ದುಂಡಗೆ, ಹಣೆಯ ಮೇಲೆ ಕುಂಕುಮ ಇಟ್ಟ ಹಾಗೆ, ತಟ್ಟೆಯ ನಟ್ಟನಡುವೆ ಕುಂತಿತ್ತು.

ಟೆಕ್ನಿಶಿಯನ್ನಿಗೆ ಅಲ್ಲಿಂದಲೇ ಫೋನ್ ಮಾಡಿ ನೆರಳಿನ ಮಾತು ಹೇಳಿದೆ. ಅವನು ನಕ್ಕ. “ಅದು ಸನ್ ಔಟೇಜ್ ರೀ. ಸ್ಯಾಟಲೈಟಿನ ಬೆನ್ನ ಹಿಂದ ಸೂರ್ಯ ಬಂದು ನಿಂತ್ಕಂತಾನ. ಅವನ ಗದ್ದಲದಾಗ ಸಿಗ್ನಲ್ ಮುಳುಗಿ ಹೋಗ್ತೈತಿ. ವರ್ಷಕ್ಕ ಎರಡು ಸಲ, ಮಾರ್ಚ್ ಒಮ್ಮೆ, ಅಕ್ಟೋಬರ್ ಒಮ್ಮೆ, ಒಂದಿಷ್ಟು ದಿನ, ಅದೇ ಹೊತ್ತಿಗೆ ಕೆಲವು ನಿಮಿಷ. ಯಾರೂ ಏನೂ ಮಾಡಾಕ ಬರಂಗಿಲ್ಲ. ನೆರಳು ನಡುವ ಬಂತಂದ್ರ ಅದೇ ಗುರುತು. ನೀವು ಅದನ್ನ ಕಂಡುಹಿಡಿದ್ರಲ್ಲ, ಭಾರಿ ಶಾಣ್ಯಾರ ಬಿಡ್ರಿ!”

ನಾನು ಕಂಡುಹಿಡಿದಿರಲಿಲ್ಲ. ದಿನಾ ಹಪ್ಪಳ ಒಣಗಿಸುತ್ತಾ, ನೆರಳು ಎಲ್ಲಿ ಬೀಳುತ್ತದೆ, ಎಲ್ಲಿಗೆ ಸರಿಯುತ್ತದೆ ಅಂತ ನೋಡುತ್ತಿದ್ದವಳು ಕಂಡುಹಿಡಿದಿದ್ದಳು.

ಫೋನ್ ಇಟ್ಟು ಹಾಗೇ ನಿಂತಿದ್ದೆ. ನೆರಳು ನಡುವಿನಿಂದ ಸರಿಯಿತು. ಎಲ್ಲಿಂದಲೋ ಸಣ್ಣಗೆ ಹಾಡು ಕೇಳಿಸಿತು. ಸುತ್ತ ನೋಡಿದೆ. ಆ ಹಳೆಯ ಹೊಗೆ ಕೊಳವೆಯಿಂದ ಬರುತ್ತಿತ್ತು. ಕೆಳಗೆ ನನ್ನ ರೂಮಿನ ಸ್ಪೀಕರಿನ ಧ್ವನಿ ಕೊಳವೆಯ ಗುಂಟ ಮೇಲೆ ಬರುತ್ತಿತ್ತು. ಕೊಳವೆಯ ಬುಡದಲ್ಲಿ ಒಂದು ಗೋಣಿಚೀಲ ಮಡಿಸಿ ಇಟ್ಟಿತ್ತು, ಕೂರುವಷ್ಟು ಅಗಲಕ್ಕೆ. ಅದರ ಮೇಲೆ ಐದು ತಿಂಗಳ ಕೆಂಪು ಧೂಳು.

ಒಳಗೆ ಕಾಲಿಡಬೇಡ ಅಂದಿದ್ದೆ. ಅವಳು ಇಟ್ಟಿರಲಿಲ್ಲ. ಇಲ್ಲಿ ಕುಂತು ಕೇಳುತ್ತಿದ್ದಳು. ಹಾಡು ನಿಂತಾಗ ಎಲ್ಲರಿಗಿಂತ ಮೊದಲು ಗಾಬರಿಯಾಗಿ ನನ್ನನ್ನು ಕರೆಯಲು ಓಡಿಬಂದವಳು ಅವಳೇ.

ಅವತ್ತೇ ಹೋಗಿ ಸಾಹುಕಾರರಿಗೆ ಹೇಳಬಹುದಿತ್ತು. “ನೋಡೀನಿ ಅಂದಿದ್ಯಲ್ಲ” ಅಂತ ಅವರು ಕೇಳುತ್ತಾರೆ ಅನ್ನುವ ಭಯ. ಭಾನುವಾರ ಏಳಕ್ಕೆ ಸೂರ್ಯ ಮುಳುಗಿದ್ದ, ಆಟ ಚೆನ್ನಾಗಿ ನಡೆಯಿತು. ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ. ಮುಂದಿನ ಅಕ್ಟೋಬರ್ ಬರುವಷ್ಟರಲ್ಲಿ ಇಂಜಿನಿಯರುಗಳು ಅವರ ದೇಶಕ್ಕೆ ಹೋದರು. ಆಪೆರಾ ನಿಂತಿತು. ಡಿಶ್ ತುಕ್ಕು ಹಿಡಿಯುತ್ತಾ ಅಲ್ಲೇ ಉಳಿಯಿತು.

ಹುಲಿಗಿಯನ್ನು ನೋಡಲು ವರ್ಷಕ್ಕೊಮ್ಮೆ ಪಂಚಮಿಗೆ ಕಂಪ್ಲಿಗೆ ಹೋಗುತ್ತಿದ್ದೆ. ಸೀರೆ ಒಯ್ಯುತ್ತಿದ್ದೆ. “ಯಣ್ಣಾ, ನೀ” ಅನ್ನುತ್ತಿದ್ದವಳು ಈಗ “ಬರ್ರಿ ಅಣ್ಣಾರ, ಕುಂದರ್ರಿ. ಚಾ ತಗೋರಿ” ಅನ್ನುತ್ತಿದ್ದಳು. ಹೊರಗಿನವರಿಗೆ ಅದು ಮರ್ಯಾದೆ. ನನಗೆ ಅದು ಏನು ಅಂತ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸೀರೆ ತೆಗೆದುಕೊಳ್ಳುತ್ತಿದ್ದಳು. ಉಟ್ಟಿದ್ದನ್ನು ನಾನು ನೋಡಲಿಲ್ಲ.

ಹೋದ ವರ್ಷ ಸೆಪ್ಟೆಂಬರಿನಲ್ಲಿ ಸಾಹುಕಾರರ ಫೋನ್ ಬಂತು. ನಾನು ನಿವೃತ್ತನಾಗಿ ಎರಡು ವರ್ಷವಾಗಿತ್ತು. “ಈರಣ್ಣಾ, ತಾರಸಿ ಸೋರಾಕತ್ತೈತಿ. ರಿಪೇರಿ ಮಾಡಸ್ತೀನಿ. ಆ ನಿನ್ನ ಡಿಶ್ ಕೀಳಿಸಿ ಗುಜರಿಗೆ ಹಾಕ್ತೀನಿ,” ಅಂದರು.

ಮೊದಲಿಗೆ ನನಗೆ ಆದದ್ದು ಸಮಾಧಾನ. ಅದನ್ನೂ ಬರೆಯಬೇಕು. ಆ ತಟ್ಟೆ ಹೋದರೆ ನೆರಳೂ ಹೋಗುತ್ತದೆ. ಆಮೇಲೆ ನಾನಾಗಿ ಹೇಳಿದರೂ ತೋರಿಸಲು ಏನೂ ಉಳಿಯುವುದಿಲ್ಲ. ಹುಲಿಗಿ ಹೇಳಿದ್ದು ಸಾಯುವ ತನಕ ಒಂದು ನೆಪವಾಗಿಯೇ ಉಳಿಯುತ್ತದೆ. ಈ ಸಮಾಧಾನ ಒಂದು ದಿನ ಇತ್ತು. ಮರುದಿನ ಊಟಕ್ಕೆ ಕುಂತಾಗ ಹೆಂಡತಿ ಹಪ್ಪಳ ಬಡಿಸಿದಳು. ಅದನ್ನು ಹಾಗೇ ಬಿಟ್ಟು ಎದ್ದೆ. ಸಾಹುಕಾರರಿಗೆ ಫೋನ್ ಮಾಡಿ, ಅಕ್ಟೋಬರಿನ ಎರಡನೇ ವಾರದವರೆಗೆ ಡಿಶ್ ಇರಲಿ ಅಂತ ಬೇಡಿಕೊಂಡೆ. ಯಾಕೆ ಅಂತ ಕೇಳಿದರು. ಅವತ್ತು ಹೇಳುತ್ತೇನೆ ಅಂದೆ. “ಏನೋ ಮಸಲತ್ತು ಇರಬೇಕು,” ಅಂದು ಒಪ್ಪಿದರು.

ಕಂಪ್ಲಿಗೆ ಹೋದೆ. ಮಿಲ್ಲಿನ ಕಣದಲ್ಲಿ ಹುಲಿಗಿ ಬೇಯಿಸಿದ ಭತ್ತ ಹರವಿ, ಕಾಲಲ್ಲಿ ಸಾಲು ಎಳೆಯುತ್ತಿದ್ದಳು. ಕೂದಲು ನೆರೆತಿತ್ತು. ಸಣ್ಣವ್ವನ ಅಡುಗೆಮನೆಯಲ್ಲಿ ಕುಂತು, ಮಾರ್ಚಿನಲ್ಲಿ ಕಂಡದ್ದು, ಕೊಳವೆ, ಗೋಣಿಚೀಲ ಎಲ್ಲಾ ಹೇಳಿದೆ. ಅವಳು ಚಾ ಸೋಸುತ್ತಲೇ ಕೇಳಿದಳು.

“ಹಂಗಾದ್ರ ನಿಮಗ ಐದು ತಿಂಗಳಿಗೇ ಗೊತ್ತಿತ್ತು.”

“ಹೂಂ.”

“ಎಂಟು ಸೀರಿ ತಂದ್ರಿ. ಒಂದು ಮಾತು ತರಲಿಲ್ಲ.”

ನಾನು ಕೈ ಮುಗಿಯಲು ಹೋದೆ. ಅವಳು ಚಾದ ಲೋಟ ಆ ಕೈಗೇ ಕೊಟ್ಟಳು. “ಕದ್ದವಳಂಗ ನನ್ನ ನಿಲ್ಲಿಸಿ ಅಂದದ್ದು ನಾಕು ಮಂದಿ ಮುಂದ. ತಪ್ಪಾತು ಅನ್ನೋದು ಅಡಗಿಮನ್ಯಾಗೇನು? ನಾ ಹ್ಯಾಂಗ ನಂಬ್ಲಿ? ಊರಿಗೆ ಹೋಗಿ ಮತ್ತ ಬ್ಯಾರೆ ಹೇಳೂದಿಲ್ಲಂತ?”

ಅವಳ ಅನುಮಾನ ನ್ಯಾಯವಾದದ್ದು. ನನ್ನದರ ಹಾಗಲ್ಲ, ಅದಕ್ಕೆ ಸಾಕ್ಷಿ ಇತ್ತು.

“ಬಾ ನನ್ನ ಜೊತಿ. ಅಂದ ಜಾಗಾದಾಗ ಹೇಳ್ತೀನಿ,” ಅಂದೆ.

ಅಕ್ಟೋಬರಿನಲ್ಲಿ ಒಂದು ಸಂಜೆ ನಾಲ್ಕು ಮುಕ್ಕಾಲಿಗೆ ನಾವು ತಾರಸಿ ಹತ್ತಿದೆವು. ಸಾಹುಕಾರರು ಮೊಣಕಾಲು ಹಿಡಿದು ಒಂದೊಂದೇ ಮೆಟ್ಟಿಲು ಏರಿದರು. ಶೇಕ್ಷಾವಲಿ, ಈಗ ಮ್ಯಾನೇಜರ್, ಕುರ್ಚಿ ಹೊತ್ತು ತಂದ. ಕ್ಯಾಂಟೀನಿನವರೂ ಬಂದರು. ಹುಲಿಗಿ ಎಲ್ಲರಿಂದ ದೂರ, ಹೊಗೆ ಕೊಳವೆಯ ಹತ್ತಿರ ನಿಂತಳು. “ಏನವ್ವಾ ಹುಲಿಗೆಮ್ಮಾ, ಸಂಡಿಗಿ ತಂದಿಲ್ಲೇನು? ತಟ್ಟೀದು ಇವತ್ತೇ ಕಡೀ ದಿನ,” ಅಂದ ಶೇಕ್ಷಾವಲಿ. ಅವಳು ನಗಲಿಲ್ಲ. “ಮೊದ್ಲು ನಿಮ್ಮ ಈರಣ್ಣಾರು ಏನ್ ತಂದಾರ ನೋಡೋಣು,” ಅಂದಳು.

ಕಾಯುವ ಆ ಹೊತ್ತಿನಲ್ಲಿ ನನ್ನ ಕಸುಬು ನನಗೆ ಕಲಿಸಿದ್ದನ್ನು, ಕಲಿಯಲು ತಡವಾದದ್ದನ್ನು ನೆನೆದೆ. ಚಿತ್ರ ಹೋದರೆ ವೈರ್ ನೋಡಬೇಕು, ಯಂತ್ರ ನೋಡಬೇಕು, ಹೊರಗೆ ಹೋಗಿ ಆಕಾಶವನ್ನೂ ನೋಡಬೇಕು. ಮನುಷ್ಯರ ಮೇಲೆ ಬೆರಳು ಮಾಡುವುದು ಎಲ್ಲಕ್ಕಿಂತ ಕೊನೆಗೆ, ಅದೂ ಕಣ್ಣಾರೆ ಕಂಡಿದ್ದರೆ. ನಾನು ಅದನ್ನೇ ಮೊದಲು ಮಾಡಿದ್ದೆ.

ಐದು ಗಂಟೆ ದಾಟಿತು. ಡಬ್ಬಿಯ ನೆರಳು ತಟ್ಟೆಯ ಅಂಚಿನ ಕಡೆಯಿಂದ ಇಷ್ಟಿಷ್ಟೇ ಸರಿಯುತ್ತಾ ಬಂತು. ಐದು ಗಂಟೆ ಆರು ನಿಮಿಷಕ್ಕೆ ಅದು ತುಕ್ಕು ಹಿಡಿದ ತಟ್ಟೆಯ ನಟ್ಟನಡುವೆ ಬಂದು ಕುಂತಿತು. ಸಾಹುಕಾರರು ಕುರ್ಚಿಯಿಂದ ಎದ್ದರು. ನಾನು ಅವರ ಕಡೆ ತಿರುಗಿ, ಅದು ಏನು, ಯಾಕೆ, ಯಾರು ಅದನ್ನು ಮೊದಲು ಕಂಡದ್ದು ಅಂತ ಹೇಳಿದೆ. ಆಮೇಲೆ ಕೊಳವೆಯ ಕಡೆ ನಡೆದು ಹೋಗಿ, ಎಲ್ಲರಿಗೂ ಕೇಳುವ ಹಾಗೆ ಅಂದೆ:

“ಹುಲಿಗೀ, ನೀ ಡಿಶ್ ಮುಟ್ಟಿದ್ದು ನಾ ನೋಡಿರಲಿಲ್ಲ. ನೋಡೀನಿ ಅಂತ ಸುಳ್ಳು ಹೇಳಿದೆ. ನೀ ಬಾ ಅಂತ ಕರದಿ, ನಾ ಬರಲಿಲ್ಲ. ಖರೆ ಗೊತ್ತಾದ ಮ್ಯಾಲೂ ಬಾಯಿ ಮುಚ್ಕೊಂಡು ಕುಂತೆ. ತಪ್ಪು ನಿಂದಲ್ಲ, ಮಿಷನ್‌ದಲ್ಲ, ನಂದು. ತಪ್ಪಾತು ತಂಗೀ, ನನ್ನ ಕ್ಷಮಿಸು.”